ಬ್ಯಾಲಾಳಿಗೆ ಬಂದ ಮಂಗಳ

ಬಿಡದಿಯಿಂದ ಮಾಗಡಿ ರಸ್ತೆಯ ಕಡೆಗೆ ಹೊರಟರೆ ಬ್ಯಾಲಾಳಿನಲ್ಲಿ ಬಿಳಿಯ ಭಾರಿ ಆಂಟೆನಾ ಕಾಣುತ್ತದೆ. ಅಡ್ಡಗಲ 32 ಮೀಟರ್. 2008ರಲ್ಲಿ ಚಂದ್ರಯಾನ-1ರ ಹೊತ್ತಿಗೆ ಸಿದ್ಧವಾದ ಇದೇ ಆಂಟೆನಾ ಮುಂದೆ ಮಂಗಳಯಾನದ ಸಂಕೇತಗಳನ್ನೂ ಹಿಡಿಯಿತು. 2014ರ ಸೆಪ್ಟೆಂಬರ್ 24ರಂದು ನೌಕೆ ಮಂಗಳನ ಕಕ್ಷೆ ಸೇರಿದ ಸುದ್ದಿ ಭೂಮಿಗೆ ತಲುಪಲು ಹನ್ನೆರಡು ನಿಮಿಷಕ್ಕೂ ಹೆಚ್ಚು ಹಿಡಿದಿತ್ತು.

“ಅಲ್ಲಿಗೆ ಬಂದ ಚಿತ್ರಗಳನ್ನು ನಮ್ಮ ಹುಡುಗರು ನೋಡಬಹುದಾ ಸಾರ್?” ಎಂದು ಮಾಗಡಿ ಕಡೆಯ ಮೇಷ್ಟ್ರೊಬ್ಬರು ಕೇಳಿದರು. ಧಾರಾಳವಾಗಿ ನೋಡಬಹುದು. ದೊಡ್ಡವರ ಕಣ್ಣಿಗೆ ಬೀಳದ್ದನ್ನು ಕಂಡುಹಿಡಿಯಲೂಬಹುದು. ಅದಕ್ಕೊಂದು ಗಟ್ಟಿ ಉದಾಹರಣೆ ಇದೆ.

ಕ್ಯಾಲಿಫೋರ್ನಿಯಾದ ಕಾಟನ್‌ವುಡ್ ಎಂಬ ಸಣ್ಣ ಊರಿನ ಏಳನೇ ತರಗತಿಯ 16 ಮಕ್ಕಳು ಒಂದು ಪ್ರಶ್ನೆ ಹಾಕಿಕೊಂಡಿದ್ದರು: ಮಂಗಳನ ಜ್ವಾಲಾಮುಖಿಗಳಲ್ಲಿ ಲಾವಾ ಹರಿದು ಉಂಟಾದ ಸುರಂಗಗಳು ಹೆಚ್ಚಾಗಿ ಎಲ್ಲಿರುತ್ತವೆ? ನೆತ್ತಿಯ ಹತ್ತಿರವೋ, ಇಳಿಜಾರಿನಲ್ಲೋ, ಸುತ್ತಲ ಬಯಲಿನಲ್ಲೋ? ಅರಿಝೋನಾ ರಾಜ್ಯ ವಿಶ್ವವಿದ್ಯಾಲಯವು ಶಾಲಾಮಕ್ಕಳಿಗೆಂದೇ ನಡೆಸುತ್ತಿದ್ದ ಯೋಜನೆಯಲ್ಲಿ, ಮಾರ್ಸ್ ಒಡಿಸ್ಸಿ ನೌಕೆಯ ಥೆಮಿಸ್ ಕ್ಯಾಮೆರಾವನ್ನು ತಾವು ಆರಿಸಿದ ಜಾಗಕ್ಕೆ ತಿರುಗಿಸುವ ಅವಕಾಶ ಆ ಮಕ್ಕಳಿಗೆ ಸಿಕ್ಕಿತು. ಮುಖ್ಯ ಚಿತ್ರ ಒಂದು, ಅದು ಕೈಕೊಟ್ಟರೆ ಇರಲಿ ಎಂದು ಇನ್ನೊಂದು. ಎರಡರಲ್ಲೂ ಸುರಂಗಗಳು ಸಿಕ್ಕವು. ಆ ಎರಡನೇ ಚಿತ್ರದಲ್ಲಿ ಮಾತ್ರ, ಪಾವೊನಿಸ್ ಮಾನ್ಸ್ ಪರ್ವತದ ಇಳಿಜಾರಿನಲ್ಲಿ, ಒಂದು ಕಪ್ಪು ಚುಕ್ಕೆ ಕಂಡಿತು. ಥೆಮಿಸ್ ಚಿತ್ರದ ಒಂದು ಬಿಂದು (ಪಿಕ್ಸೆಲ್) ನೆಲದ ಮೇಲೆ 18 ಮೀಟರ್. ಚುಕ್ಕೆಯ ಅಗಲ ಹತ್ತು ಬಿಂದುವಿನಷ್ಟು. ಬೇರೆಯವರಾಗಿದ್ದರೆ ದಾಟಿ ಮುಂದೆ ಹೋಗುತ್ತಿದ್ದರೇನೋ. ಈ ಮಕ್ಕಳು ಅಲ್ಲೇ ನಿಂತರು. ಅದು ಸುರಂಗದ ಚಾವಣಿ ಕುಸಿದು ಬಿದ್ದ ಕಿಂಡಿಯಾಗಿತ್ತು. 190 ಮೀಟರ್ ಉದ್ದ, 160 ಮೀಟರ್ ಅಗಲ, ಆಳ ಕನಿಷ್ಠ 115 ಮೀಟರ್ ಎಂಬ ಅಂದಾಜು 2010ರಲ್ಲಿ ಪ್ರಕಟವಾಯಿತು.

ಅಷ್ಟು ದೂರದ ಗುಂಡಿಯ ಆಳ ತಿಳಿದದ್ದು ಹೇಗೆ? ನೆರಳಿನಿಂದ. ಎಸ್ಸೆಸ್ಸೆಲ್ಸಿಯ ತ್ರಿಕೋನಮಿತಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಚಿತ್ರ ತೆಗೆದಾಗ ಸೂರ್ಯ ಯಾವ ಕೋನದಲ್ಲಿದ್ದ ಎಂಬುದು ಚಿತ್ರದ ಜೊತೆಗೇ ದಾಖಲಾಗಿರುತ್ತದೆ. ಸೂರ್ಯ ದಿಗಂತದಿಂದ 45 ಡಿಗ್ರಿ ಮೇಲಿದ್ದರೆ ನೆರಳಿನ ಉದ್ದವೇ ಗುಂಡಿಯ ಆಳ. 30 ಡಿಗ್ರಿಯಲ್ಲಿದ್ದರೆ 100 ಮೀಟರ್ ನೆರಳಿಗೆ ಆಳ ಸುಮಾರು 58 ಮೀಟರ್. ನೆರಳು ತಳವನ್ನೆಲ್ಲ ನುಂಗಿಬಿಟ್ಟಿದ್ದರೆ ‘ಕನಿಷ್ಠ ಇಷ್ಟು’ ಎಂದಷ್ಟೇ ಹೇಳಲು ಸಾಧ್ಯ.

ಈ ಲೆಕ್ಕ ಕಲಿಯಲು ರಾಮನಗರದ ಸುತ್ತಮುತ್ತಲಿಗಿಂತ ಒಳ್ಳೆಯ ಜಾಗ ಬೇಕೆ? ರಾಮದೇವರ ಬೆಟ್ಟವಿದೆ, ಸಾವನದುರ್ಗವಿದೆ. ಚಳಿಗಾಲದ ಬೆಳಗಿನಲ್ಲಿ ತೆಗೆದ ಉಪಗ್ರಹ ಚಿತ್ರದಲ್ಲಿ ಸಾವನದುರ್ಗವನ್ನು ನೋಡಿ. ಬೆಳಕು ಆಗ್ನೇಯದಿಂದ, ಅಂದರೆ ಚಿತ್ರದ ಕೆಳಗಿನಿಂದ ಬಿದ್ದಿರುವುದರಿಂದ ಎಷ್ಟೋ ಜನರ ಕಣ್ಣಿಗೆ ಬೆಟ್ಟ ಹಳ್ಳದ ಹಾಗೆ ಕಾಣುತ್ತದೆ. ಚಿತ್ರವನ್ನು ತಲೆಕೆಳಗು ಮಾಡಿದರೆ ಹಳ್ಳ ಮೇಲೆದ್ದು ಬೆಟ್ಟವಾಗುತ್ತದೆ. ಬೆಳಕು ಯಾವ ಕಡೆಯದು ಎಂದು ಮೊದಲು ಕೇಳುವ ಅಭ್ಯಾಸ ಇಲ್ಲಿ ಬಿದ್ದರೆ ಮಂಗಳನ ಗುಂಡಿಗಳು ಮೋಸ ಮಾಡುವುದಿಲ್ಲ.

ಒಬ್ಬರ ಕಣ್ಣು ತಪ್ಪಬಹುದು. ಅದಕ್ಕೂ ಉಪಾಯವಿದೆ. ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಒಂದೊಂದು ಲಾಟಿನ ಮುಂದೆಯೂ ರೀಲರ್‌ಗಳು ಬಂದು ನಿಲ್ಲುತ್ತಾರೆ. ಒಬ್ಬರು ಹಿಡಿಯಷ್ಟು ಗೂಡು ಎತ್ತಿ ಒತ್ತಿ ನೋಡುತ್ತಾರೆ, ಇನ್ನೊಬ್ಬರು ಕಿವಿಯ ಹತ್ತಿರ ಅಲ್ಲಾಡಿಸುತ್ತಾರೆ, ಮತ್ತೊಬ್ಬರು ಕರೆಬಿದ್ದ ಗೂಡು ಎಷ್ಟಿದೆ ಎಂದು ಕಣ್ಣಾಡಿಸುತ್ತಾರೆ. ಹಲವರು ಬೆಲೆ ಕಟ್ಟಿದ ಮೇಲೆ ಲಾಟಿನ ಬೆಲೆ ಒಂದು ಕಡೆ ನಿಲ್ಲುತ್ತದೆ. ಯಾರೋ ಒಬ್ಬರ ತಪ್ಪೆಣಿಕೆ ಅದನ್ನು ಕೆಡಿಸುವುದಿಲ್ಲ. 2013ರಲ್ಲಿ ಶುರುವಾದ ‘ಪ್ಲಾನೆಟ್ ಫೋರ್’ ಯೋಜನೆ ನಡೆಯುವುದೂ ಹೀಗೆಯೇ. ಮಂಗಳನ ದಕ್ಷಿಣ ಧ್ರುವದ ಒಂದೇ ಚಿತ್ರವನ್ನು ಹತ್ತಾರು ಸಾಮಾನ್ಯ ಜನ ಬೇರೆಬೇರೆಯಾಗಿ ನೋಡಿ ಗುರುತು ಹಾಕುತ್ತಾರೆ. ಗುರುತುಗಳು ಎಲ್ಲಿ ಒಂದಾಗುತ್ತವೋ ಅದನ್ನು ವಿಜ್ಞಾನಿಗಳು ಎತ್ತಿಕೊಳ್ಳುತ್ತಾರೆ. ಅಲ್ಲಿ ವಸಂತ ಬಂದಾಗ ಇಂಗಾಲದ ಡೈಆಕ್ಸೈಡ್ ಹಿಮದ ಅಡಿಯಲ್ಲಿ ಅನಿಲ ಸೇರಿ, ಹಿಮ ಸೀಳಿ ಚಿಮ್ಮುತ್ತದೆ. ಅನಿಲ ನುಗ್ಗಿದ ದಾರಿಗಳು ನೆಲದಲ್ಲಿ ಜೇಡನ ಕಾಲಿನಂತೆ ಕೊರೆದು ಉಳಿಯುತ್ತವೆ. ಇದರದೇ ಇನ್ನೊಂದು ಯೋಜನೆಯಲ್ಲಿ ಸುಮಾರು ಹತ್ತು ಸಾವಿರ ಜನ ಇಂಥ ‘ಜೇಡ’ಗಳನ್ನು ಹುಡುಕಿದರು. ಇರಲಾರವು ಎಂದುಕೊಂಡಿದ್ದ ನೆಲದಲ್ಲೂ ಅವು ಸಿಕ್ಕವು ಎಂದು 2016ರಲ್ಲಿ ತಿಳಿಯಿತು.

ಪರ್ಸಿವಿಯರೆನ್ಸ್ ರೋವರ್ ಒಂದು ಕೋಟಿಗೂ ಹೆಚ್ಚು ಜನರ ಹೆಸರುಗಳನ್ನು ಹೊತ್ತು ಮಂಗಳಕ್ಕೆ ಹೋಯಿತು. ಮಕ್ಕಳಿಗೆ ಅದರಿಂದ ಖುಷಿಯಾದರೆ ಸಂತೋಷ. ಆದರೆ ಹೆಸರು ಕಳಿಸಿ ಬೋರ್ಡಿಂಗ್ ಪಾಸ್ ಪಡೆಯುವುದನ್ನು ಅನ್ವೇಷಣೆ ಎನ್ನಲಾರೆ. ಚಿತ್ರದ ಮುಂದೆ ಕೂತು ಪ್ರಶ್ನೆ ಕೇಳಿದ ಮಗುವಿನ ಕೆಲಸದ ತೂಕವೇ ಬೇರೆ.

ಅದಕ್ಕೆ ಬೇಕಾದ್ದೆಲ್ಲ ಉಚಿತವಾಗಿದೆ. ಮಂಗಳನ ಕಕ್ಷೆಯಿಂದ 25–30 ಸೆಂಟಿಮೀಟರನ್ನು ಒಂದು ಬಿಂದುವಾಗಿ ತೋರುವ ಹೈರೈಸ್ ಕ್ಯಾಮೆರಾಕ್ಕೆ 2010ರಿಂದ ‘ಹೈವಿಶ್’ ಮೂಲಕ ಯಾರು ಬೇಕಾದರೂ ಜಾಗ ಸೂಚಿಸಲು ಅವಕಾಶ ಸಿಕ್ಕಿದೆ. ಅಲ್ಲಿ ಏಕೆ ನೋಡಬೇಕು ಎಂಬ ಕಾರಣವನ್ನು ಮಾತ್ರ ಬರೆಯಲೇಬೇಕು. ಮಂಗಳಯಾನದ ಬಣ್ಣದ ಕ್ಯಾಮೆರಾ ಕಳಿಸಿದ ಸಾವಿರಕ್ಕೂ ಹೆಚ್ಚು ಚಿತ್ರಗಳಿವೆ. ಮೊದಲ ವರ್ಷದ ದತ್ತಾಂಶವನ್ನು ಇಸ್ರೋ 2016ರಲ್ಲೇ ಸಾರ್ವಜನಿಕರಿಗೆ ತೆರೆಯಿತು. ಹೆಸರು ನೋಂದಾಯಿಸಿದರೆ ಸಾಕು. ಆರು ತಿಂಗಳಿಗೆಂದು ಹೋದ ಆ ನೌಕೆ ಎಂಟು ವರ್ಷದ ಹತ್ತಿರ ದುಡಿದು 2022ರ ಏಪ್ರಿಲ್‌ನಲ್ಲಿ ಸಂಪರ್ಕ ಕಳೆದುಕೊಂಡಿತು. ಅದರ ಚಿತ್ರಗಳನ್ನು ಕಾಪಿಟ್ಟಿರುವ ದತ್ತಾಂಶ ಕೇಂದ್ರ ಇರುವುದೂ ಬ್ಯಾಲಾಳಿನ ಅದೇ ಆವರಣದಲ್ಲಿ. ಮಾಗಡಿ, ಕನಕಪುರ, ಚನ್ನಪಟ್ಟಣ, ರಾಮನಗರದ ಮೇಷ್ಟ್ರುಗಳೇ, ಈ ವರ್ಷ ಒಂದೇ ಒಂದು ಚಿತ್ರವನ್ನು ತರಗತಿಗೆ ತನ್ನಿ. ನೆರಳು ಅಳೆಯುವ ಕೆಲಸವನ್ನು ಮಕ್ಕಳಿಗೆ ಬಿಡಿ.