ಗೂಢಸಂಘಗಳೂ ಗುರುಗಳ ಅಧಿಕಾರವೂ

ಮನೆಯಿಂದ ದೂರವಿದ್ದು ಓದುವ ಮಕ್ಕಳು ಯಾರ ಸಹವಾಸದಲ್ಲಿರುವರೋ ಎಂಬ ಚಿಂತೆಯು ತಾಯಿತಂದೆಗಳಿಗೆ ಎಲ್ಲ ದೇಶಗಳಲ್ಲಿಯೂ ಉಂಟಷ್ಟೆ. ಹತ್ತೊಂಬತ್ತನೆಯ ಶತಮಾನದ ಅಮೆರಿಕೆಯಲ್ಲಿ ಇಂತಹ ಚಿಂತೆಯೊಂದು ನ್ಯಾಯಸ್ಥಾನದವರೆಗೂ ಹೋಯಿತು.

ಅಲ್ಲಿನ ಕಾಲೇಜುಗಳ ವಿದ್ಯಾರ್ಥಿಗಳು ಗ್ರೀಕ್ ಅಕ್ಷರಗಳ ಹೆಸರಿನ ಗೂಢಸಂಘಗಳನ್ನು ಕಟ್ಟಿಕೊಂಡು, ಅವುಗಳ ಗುಟ್ಟನ್ನು ಹೊರಗೆಡಹುವುದಿಲ್ಲವೆಂದು ಆಣೆಯಿಡುತ್ತಿದ್ದರು. ಸೇರಿದವರಿಗೆ ಅದು ಅಣ್ಣತಮ್ಮಂದಿರ ಮನೆ. ಅನೇಕ ಗುರುಗಳ ಕಣ್ಣಿಗೆ ಅದೇ ಪಕ್ಷಭೇದದ ಬೀಜ.

ಇಂಡಿಯಾನಾ ಸಂಸ್ಥಾನದ ಪರ್ಡ್ಯೂ ವಿಶ್ವವಿದ್ಯಾನಿಲಯದ ಅಧ್ಯಕ್ಷರಾದ ಎಮರ್ಸನ್ ವೈಟರು, ಇಂತಹ ಸಂಘಗಳಿಗೆ ಸೇರಿರುವುದಿಲ್ಲವೆಂದು ಪ್ರವೇಶಾರ್ಥಿಗಳಿಂದ ಮುಚ್ಚಳಿಕೆಯನ್ನು ಕೇಳಿದರು. ಆಗಲೇ ಸಿಗ್ಮಾ ಕೈ ಸಂಘದವನಾಗಿದ್ದ ಥಾಮಸ್ ಹಾಲಿ ಎಂಬ ತರುಣನು ರುಜು ಹಾಕಲೊಲ್ಲದೆ ಪ್ರವೇಶವನ್ನು ಕಳೆದುಕೊಂಡನು. ವ್ಯಾಜ್ಯವು ಬೆಳೆಯಿತು. 1882ರಲ್ಲಿ ಆ ಸಂಸ್ಥಾನದ ವರಿಷ್ಠ ನ್ಯಾಯಸ್ಥಾನವು ತೀರ್ಪಿತ್ತಿತು: ಸಾರ್ವಜನಿಕ ವಿದ್ಯಾಲಯವು ಸಂಘದ ಸದಸ್ಯತ್ವವೊಂದನ್ನೇ ಕಾರಣಮಾಡಿ ಬಾಗಿಲನ್ನು ಮುಚ್ಚಲಾಗದು, ಆದರೆ ಒಳಗೆ ಬಂದ ವಿದ್ಯಾರ್ಥಿಯ ನಡವಳಿಕೆಯನ್ನು ನಿಯಮಿಸುವ ಅಧಿಕಾರವು ಗುರುಗಳಿಗುಂಟು.

ಹೀಗೆ ಇಬ್ಬರಿಗೂ ಅರ್ಧ ಜಯವಾಯಿತು. ಆದರೆ 1883ರಲ್ಲಿ ಶಾಸನಸಭೆಯು, ಆ ನಿಯಮವನ್ನು ರದ್ದುಮಾಡಬೇಕೆಂಬ ಷರತ್ತನ್ನು ವಿದ್ಯಾಲಯಕ್ಕೆ ಕೊಡುವ ಹಣಕ್ಕೆ ಕಟ್ಟಿತು. ವೈಟರು ಪದವಿಯನ್ನು ತ್ಯಜಿಸಿದರು.

ಮುಚ್ಚಳಿಕೆಯು ಕೈಯನ್ನು ಕಟ್ಟೀತು, ಮನಸ್ಸನ್ನು ಕಟ್ಟಲಾರದು. ಮಕ್ಕಳ ಸಹವಾಸವನ್ನು ತಿದ್ದಬಯಸುವ ಹಿರಿಯರು ಮೊದಲು ಗಳಿಸಬೇಕಾದುದು ಅವರ ವಿಶ್ವಾಸವನ್ನು.