ಸೈಲೆನ್ಸರಿನಲ್ಲಿ ಮಸಿ: ರೋಗ ಒಂದು, ಮದ್ದು ಇನ್ನೊಂದು!

ನೆಲಮಂಗಲ: ತುಮಕೂರು ರಸ್ತೆ, ಹಾಸನ ರಸ್ತೆ ಕವಲೊಡೆಯುವ ಈ ಊರಿನಲ್ಲಿ ಹತ್ತು ನಿಮಿಷ ನಿಂತರೆ ಸಾಕು, ಬಿಳಿ ಅಂಗಿಯ ಕಾಲರ್ ಕಪ್ಪು! ಲಾರಿಗಳ ಮಾತಿರಲಿ, ಮನೆಮಂದಿ ಓಡಾಡುವ ಕಾರುಗಳೂ ಮಸಿ ಉಗುಳುತ್ತವೆ. ಡೀಸೆಲ್ ಹೊಗೆ ಕ್ಯಾನ್ಸರ್ ತರುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲೇ ಹೇಳಿದೆ. ಕುಡಿಯುವವರು ಮಾತ್ರ ಗಾಜು ಏರಿಸಿದ ಕಾರಿನೊಳಗಿನವರಲ್ಲ, ರಸ್ತೆ ಬದಿ ಕಡಲೆಕಾಯಿ ಮಾರುವವರು.

ಮಾಲೀಕ ಗಾಬರಿಯಾಗಿ ಗ್ಯಾರೇಜಿಗೆ ಓಡುತ್ತಾನೆ. "ಇಂಜಿನ್ ಬಿಚ್ಚಬೇಕು ಸಾರ್" ಅಂದರೆ ಮುಗೀತು, ತಿಂಗಳ ಸಂಬಳ ಅಲ್ಲೇ ಕರಗಿತು!

ಬಿಚ್ಚುವ ಮುಂಚೆ ಬಣ್ಣ ನೋಡಬೇಡವೆ? ನೀಲಿ ಹೊಗೆ ಬಂದರೆ ಇಂಜಿನ್ ಆಯಿಲ್ ಸುಡುತ್ತಿದೆ. ಬಿಳಿ ಹೊಗೆ ನಿಲ್ಲದಿದ್ದರೆ ರೇಡಿಯೇಟರ್ ನೀರು ಒಳಗೆ ಸೇರುತ್ತಿರಬಹುದು. ಕಪ್ಪು ಅಂದರೆ ಅರೆಬೆಂದ ಇಂಧನ. ಗಾಳಿ ಕಮ್ಮಿ, ಇಂಧನ ಜಾಸ್ತಿ. ಲಾಟೀನಿನ ಬತ್ತಿ ಮಿತಿಮೀರಿ ಏರಿಸಿದರೆ ಗಾಜು ಮಸಿ ಹಿಡಿಯುವುದಿಲ್ಲವೆ? ಅದೇ ಲೆಕ್ಕ.

ಮೊದಲು ಏರ್ ಫಿಲ್ಟರ್ ನೋಡಬೇಕು, ಡೀಸೆಲ್ ಗಾಡಿಯಲ್ಲಂತೂ ಖಂಡಿತ. ದೇವನಹಳ್ಳಿ ಕಡೆ ಜಲ್ಲಿ ಕ್ರಷರ್ ಧೂಳಿನಲ್ಲಿ ಓಡುವ ಕಾರಿಗೆ ಕಂಪನಿ ಪುಸ್ತಕದ ಕಿಲೋಮೀಟರ್ ಲೆಕ್ಕ ನಡೆಯದು. ಕೆಲವು ನೂರು ರೂಪಾಯಿಯ ಬಾಬತ್ತು ಅದು. ಹೊಗೆಗೆ ದಂಡವೋ, 2019ರ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ 10,000 ರೂ.ವರೆಗೆ!

ಪೆಟ್ರೋಲ್ ಕಾರಾದರೆ ಪ್ಲಗ್ ಬಿಚ್ಚಿಸಿ. ತುದಿಯಲ್ಲಿ ಒಣ ಮಸಿ ಇದ್ದರೆ ಪೆಟ್ರೋಲ್ ಹೆಚ್ಚು, ಜಿಡ್ಡಾಗಿದ್ದರೆ ಆಯಿಲ್. ಒಂದೇ ಪ್ಲಗ್ ಕಪ್ಪಾಗಿದ್ದರೆ ಅಲ್ಲಿ ಕಿಡಿ ಸರಿಯಿಲ್ಲ, ಇಲ್ಲವೆ ಆ ಇಂಜೆಕ್ಟರ್ ಸೋರುತ್ತಿದೆ. ಎಲ್ಲವೂ ಕಪ್ಪಾಗಿದ್ದರೆ ಆಕ್ಸಿಜನ್ ಸೆನ್ಸರ್, ಪೆಟ್ರೋಲ್ ಒತ್ತಡ, ಅಥವಾ ಬಿಸಿ ಇಂಜಿನ್ನನ್ನೂ ತಣ್ಣಗಿದೆ ಎಂದು ನಂಬಿಸುವ ಟೆಂಪರೇಚರ್ ಸೆನ್ಸರ್ ಮೇಲೆ ಅನುಮಾನ. ಹಳೇ ಕಾರ್ಬುರೇಟರ್ ಗಾಡಿಯಲ್ಲಿ ಚೋಕ್ ಸಿಕ್ಕಿಕೊಂಡಿರುತ್ತದೆ.

ಡೀಸೆಲ್ ಗಾಡಿಯಲ್ಲಿ ನಾಜಲ್ ಮಂಜಿನಂತೆ ಸಿಂಪಡಿಸಬೇಕು, ತೊಟ್ಟಿಕ್ಕಿದರೆ ಮಸಿ. ಟರ್ಬೋ ಪೈಪ್ ಸೀಳಿದರೂ ಮಸಿ, ಇಜಿಆರ್ ವಾಲ್ವ್ ತೆರೆದೇ ನಿಂತರೂ ಮಸಿ. ಪಂಪು, ನಾಜಲ್ಲು ಈ ಕಡೆಯವರಿಗೆ ಹೊಸದಲ್ಲ. 1951ರಲ್ಲಿ ಹುಟ್ಟಿ 2008ರಲ್ಲಿ ಬಾಷ್ ಎಂದು ಹೆಸರು ಬದಲಿಸಿದ ಬೆಂಗಳೂರಿನ ಮೈಕೋ ಹೆಸರು ಮಾಡಿದ್ದೇ ಅದರಿಂದ. ಆದರೂ ಕೆಲವರಿಗೆ 'ಪಿಕಪ್' ಹುಚ್ಚು. ಹಳೇ ಗಾಡಿಯ ಪಂಪಿನ ಸ್ಕ್ರೂ ತಿರುವಿಸಿ ಡೀಸೆಲ್ ಏರಿಸುತ್ತಾರೆ, ಎಮಿಷನ್ ಟೆಸ್ಟಿನ ದಿನ ಇಳಿಸುತ್ತಾರೆ. ಚೀಟಿ ಬಂತು, ಹೊಗೆ ಹೋಗಲಿಲ್ಲ!

2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಫಿಲ್ಟರೇ ಇದೆ. ಅಂಥ ಕಾರೂ ಕಪ್ಪು ಹೊಗೆ ಬಿಟ್ಟರೆ ಫಿಲ್ಟರ್ ಒಡೆದಿರಬೇಕು, ಇಲ್ಲವೆ ಯಾರೋ ಕಿತ್ತಿರಬೇಕು. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಇಂಜಿನ್ ಆರಿದ ಮೇಲೆ ಸೈಲೆನ್ಸರ್ ಬಾಯಿಗೆ ಬೆರಳಿಟ್ಟು ನೋಡಿ, ಆಮೇಲೆ ಅಡ್ವಾನ್ಸ್ ಕೊಡಲಿ.