ಬೆಟ್ಟದ ಬಾವಿಯಲ್ಲಿ ಉಪ್ಪು

ನೆಲ್ಲಿಕಾಯಿ ಬೆಟ್ಟದ್ದು, ಉಪ್ಪು ಸಮುದ್ರದ್ದು ಎಂದು ಕೇಳಿಕೊಂಡೇ ಬೆಳೆದವರು ನಾವು. ನಾನಂತೂ ಕುಮಟಾ ಕಡೆಯವಳು. ಗೋಕರ್ಣದ ಬಳಿಯ ಸಾಣಿಕಟ್ಟಾದ ಆಗರಗಳಲ್ಲಿ ಬಿಸಿಲಿಗೆ ಉಪ್ಪು ಹರಳುಗಟ್ಟುವುದನ್ನು ಚಿಕ್ಕಂದಿನಿಂದ ನೋಡಿದವಳು. ಹಾಗಾಗಿ ಉತ್ತರ ಥಾಯ್ಲೆಂಡಿನ ನಾನ್ ಪ್ರಾಂತದಲ್ಲಿ, ಸಮುದ್ರದಿಂದ ನೂರಾರು ಕಿಲೋಮೀಟರ್ ದೂರದ ಬೆಟ್ಟಗಳ ನಡುವೆ, ಬಾವಿಯ ನೀರಿನಿಂದ ಉಪ್ಪು ಮಾಡುತ್ತಾರೆ ಎಂದು ಓದಿದಾಗ ಅದನ್ನು ಕಣ್ಣಾರೆ ನೋಡಲೇಬೇಕು ಅನ್ನಿಸಿತು.

ಹತ್ತು ವರ್ಷದ ಮಗಳಿಗೆ ಮಾತ್ರ ಸಿಟ್ಟು. "ಎಲ್ಲರೂ ಥಾಯ್ಲೆಂಡಿಗೆ ಹೋಗಿ ಬೀಚ್ ನೋಡ್ತಾರೆ. ನಾವು ಬಾವಿ ನೋಡೋದಾ ಅಮ್ಮಾ?" ಎಂದು ಮುಖ ಊದಿಸಿಕೊಂಡೇ ಹೊರಟಳು.

ನಾನ್ ಪ್ರಾಂತ ಲಾವೋಸ್ ಗಡಿಗೆ ಅಂಟಿಕೊಂಡಿದೆ. ಹಿಂದೆ ಅದು ತನ್ನದೇ ಅರಸರಿದ್ದ ಪುಟ್ಟ ರಾಜ್ಯ. ನಾನ್ ಪಟ್ಟಣದಲ್ಲಿ ಒಂದು ದಿನ ಉಳಿದೆವು. ಅಲ್ಲಿನ ವಾಟ್ ಫುಮಿನ್ ದೇವಾಲಯ 1596ರಲ್ಲಿ ಕಟ್ಟಿದ್ದು. ಎರಡು ದೊಡ್ಡ ನಾಗಗಳು ಇಡೀ ಗುಡಿಯನ್ನು ಬೆನ್ನ ಮೇಲೆ ಹೊತ್ತು ಹೊರಟಂತಿದೆ. ಒಳಗೆ ನಾಲ್ಕು ಬುದ್ಧರು ಬೆನ್ನಿಗೆ ಬೆನ್ನು ಕೊಟ್ಟು ನಾಲ್ಕು ದಿಕ್ಕಿಗೆ ಮುಖಮಾಡಿ ಕುಳಿತಿದ್ದಾರೆ. ಗೋಡೆಗಳ ತುಂಬ 19ನೇ ಶತಮಾನದ ಚಿತ್ರಗಳು. ಹೆಣ್ಣೊಬ್ಬಳ ಕಿವಿಯಲ್ಲಿ ಪಿಸುಗುಡುವ ಗಂಡಸಿನ ಚಿತ್ರ ಊರಿನ ಅಂಗಿ, ಚೀಲ, ಲೋಟಗಳ ಮೇಲೆಲ್ಲ ಕಾಣಿಸುತ್ತದೆ. ಎದುರಿಗೇ ಇರುವ ಹಳೆಯ ಅರಮನೆ ಈಗ ವಸ್ತುಸಂಗ್ರಹಾಲಯ. ಅಲ್ಲಿ ಮರದ ಗರುಡನೊಬ್ಬ ಕಪ್ಪು ಬಣ್ಣದ ಆನೆದಂತವನ್ನು ಹೊತ್ತು ನಿಂತಿದ್ದಾನೆ. "ಇಲ್ಲೂ ಗರುಡ ಇದ್ದಾನೆ!" ಎಂದು ಮಗಳು ಮೊದಲ ಸಲ ನಕ್ಕಳು.

ಮರುದಿನ ಬಾಡಿಗೆ ಕಾರಿನಲ್ಲಿ ಪುವಾ ಎಂಬ ಊರು ದಾಟಿ ಬೆಟ್ಟ ಹತ್ತಿದೆವು. ದೊಯಿ ಫು ಖಾ ರಾಷ್ಟ್ರೀಯ ಉದ್ಯಾನದ ದಟ್ಟ ಕಾಡು. ಜನವರಿಯ ಮಂಜು ಕಾರಿನ ಗಾಜಿಗೆ ಬಂದು ಕೂರುತ್ತಿತ್ತು. ತಿರುವುಗಳ ಮೇಲೆ ತಿರುವು. ಕೊನೆಗೆ ಕಣಿವೆಗೆ ಇಳಿದರೆ ಬೊ ಕ್ಲುವಾ. ಥಾಯ್ ಭಾಷೆಯಲ್ಲಿ 'ಬೊ' ಎಂದರೆ ಬಾವಿ, 'ಕ್ಲುವಾ' ಎಂದರೆ ಉಪ್ಪು.

ಊರಿನ ಮಗ್ಗುಲಲ್ಲೇ ಮಾಂಗ್ ಹೊಳೆ ಹರಿಯುತ್ತದೆ. ಅದರ ನೀರು ಸಿಹಿ. ಕೆಲವೇ ಹೆಜ್ಜೆ ದೂರದ ಬಾವಿಯ ನೀರನ್ನು ಮಗಳು ಬೆರಳದ್ದಿ ನೆಕ್ಕಿದಳು, ಮುಖ ಹಿಂಡಿದಳು. ನೆಲದಡಿಯಲ್ಲಿ ಉಪ್ಪಿನ ಪದರಗಳಿವೆ. ಅಂತರ್ಜಲ ಅದನ್ನು ಕರಗಿಸಿಕೊಂಡು ಬಾವಿಗೆ ಬರುತ್ತದೆ. ಕಾಡಿನ ಪ್ರಾಣಿಗಳು ಇದೇ ಜಾಗಕ್ಕೆ ಬಂದು ನೀರು ಕುಡಿಯುವುದನ್ನು ಬೇಟೆಗಾರನೊಬ್ಬ ನೋಡಿ ಉಪ್ಪು ಪತ್ತೆಯಾಯಿತು ಎಂಬುದು ಊರಿನ ಕಥೆ.

ಹುಲ್ಲು ಹೊದಿಸಿದ ಕೊಟ್ಟಿಗೆಯಲ್ಲಿ ಮಣ್ಣಿನ ಒಲೆ, ಅದರ ಮೇಲೆ ಅಗಲವಾದ ಕಬ್ಬಿಣದ ಬಾಣಲೆ. ಬಾವಿಯ ನೀರು ಅದರಲ್ಲಿ ಗಂಟೆಗಟ್ಟಲೆ ಕುದಿಯುತ್ತದೆ. ಉಪ್ಪು ತಳ ಹಿಡಿಯುತ್ತಿದ್ದಂತೆ ಸೌಟಿನಿಂದ ಬಾಚಿ, ಬಾಣಲೆಯ ಮೇಲೆ ತೂಗುಹಾಕಿದ ಬಿದಿರಿನ ಬುಟ್ಟಿಗೆ ತುಂಬುತ್ತಾರೆ. ಬುಟ್ಟಿಯಿಂದ ಸೋರುವ ನೀರು ಮತ್ತೆ ಬಾಣಲೆಗೇ ಬೀಳುತ್ತದೆ. ಒಂದು ಹನಿಯೂ ದಂಡವಾಗುವುದಿಲ್ಲ. ಈ ಉಪ್ಪಿನಲ್ಲಿ ಸಹಜವಾಗಿ ಅಯೋಡಿನ್ ಇಲ್ಲದ ಕಾರಣ ಈಗ ಅದನ್ನು ಬೆರೆಸಿ ಮಾರುತ್ತಾರೆ.

ನಮ್ಮಲ್ಲಿ ಬಿಸಿಲು ಮಾಡುವ ಕೆಲಸವನ್ನು ಇಲ್ಲಿ ಬೆಂಕಿ ಮಾಡುತ್ತದೆ. ಸಾಣಿಕಟ್ಟಾದಲ್ಲಿ ಸೂರ್ಯ ಪುಕ್ಕಟೆ. ಇಲ್ಲಿ ಬೆಂಕಿಗೆ ಸೌದೆ ಬೇಕು.

ಒಲೆಯ ಮುಂದೆ ಕುಳಿತಿದ್ದ ಹೆಂಗಸಿಗೆ ನನ್ನ ತಾಯಿಯ ವಯಸ್ಸು. ನಮ್ಮ ಚಾಲಕನಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. ಮಗಳು ಅವನ ಮೂಲಕ ಕೇಳಿದಳು: "ಈ ಬಾವಿ ಯಾವಾಗಲಾದರೂ ಮುಗಿದುಹೋಗುತ್ತಾ?"

ಆಕೆ ನಕ್ಕು ಬಾವಿಯ ಕಡೆ ಕೈ ತೋರಿಸಿ, ಇಲ್ಲ ಎಂದು ತಲೆಯಾಡಿಸಿದರು. ಆಮೇಲೆ ಗೋಡೆಗೆ ಒಟ್ಟಿದ್ದ ಸೌದೆಯ ಕಡೆ ಕೈ ತೋರಿಸಿ ಏನೋ ಹೇಳಿದರು. ಚಾಲಕ ಬಿಡಿಸಿ ಹೇಳಿದ: "ಮುಗಿಯುವುದಾದರೆ ಅದು ಮುಗಿಯುತ್ತದಂತೆ."

ಆ ಮಾತಿನ ಅರ್ಥ ಹಿಂತಿರುಗುವಾಗ ತಿಳಿಯಿತು. ಈ ಸಲ ಸಂತಿಸುಕ್ ಕಡೆಯ ರಸ್ತೆಯಲ್ಲಿ ಬಂದೆವು. ಬೆಟ್ಟಗಳ ಸಾಲು ಹಾಗೆಯೇ ಇತ್ತು, ಆದರೆ ಎಷ್ಟೋ ಬೆಟ್ಟಗಳ ಮೇಲೆ ಮರಗಳೇ ಇಲ್ಲ. ಕೋಳಿ, ಹಂದಿಗಳ ಮೇವಿಗೆ ಬೇಕಾದ ಮೆಕ್ಕೆಜೋಳ ಬೆಳೆಯಲು ಇಲ್ಲಿ ಕಾಡು ಕಡಿದಿದ್ದಾರೆ. ಕಟಾವು ಮುಗಿದ ಇಳಿಜಾರುಗಳು ಬೋಳಿಸಿದ ತಲೆಯಂತೆ ಕಂದು ಬಣ್ಣಕ್ಕಿದ್ದವು. ಬೈಯುವುದು ಸುಲಭ, ಆದರೆ ಕಡಿದಾದ ಬೆಟ್ಟದಲ್ಲಿ ಬೇಗ ಕೈಗೆ ದುಡ್ಡು ಕೊಡುವ ಬೆಳೆ ಇನ್ನೇನಿದೆ ಎಂಬ ರೈತನ ಪ್ರಶ್ನೆಯೂ ಸುಳ್ಳಲ್ಲ. ಆದರೆ ಇದು ಈ ಬೆಟ್ಟದವರ ಕಷ್ಟ ಮಾತ್ರವಲ್ಲ. ಇಲ್ಲಿ ಹುಟ್ಟುವ ನಾನ್ ನದಿ ಕೆಳಗೆ ನಖೋನ್ ಸವನ್‌ನಲ್ಲಿ ಪಿಂಗ್ ನದಿಯನ್ನು ಕೂಡಿ ಚಾವ್ ಫ್ರಯಾ ಆಗುತ್ತದೆ. ಬ್ಯಾಂಕಾಕಿನ ನಡುವೆ ಹರಿಯುವುದು ಅದೇ ನದಿ. ಬೆಟ್ಟದಲ್ಲಿ ಮರ ಹೋದರೆ ಮಣ್ಣು ಹೊಳೆಗೆ, ಹೊಳೆ ಊರಿಗೆ.

ಮಗಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಹೋಗುವಾಗ ಕಾಡಿನ ದಾರಿ, ಬರುವಾಗ ಈ ದಾರಿ. ಚಾಲಕ ಮಾಮ ಬೇಕಂತಲೇ ಹೀಗೆ ಕರೆದುಕೊಂಡು ಬಂದರಾ?" ಎಂದಳು. ನಾನು ಕೇಳಲಿಲ್ಲ.

ಅಂದು ರಾತ್ರಿ ಪಟ್ಟಣದಲ್ಲಿ 'ಮಖ್ವೇನ್' ಹಾಕಿ ಕರಿದ ಕೋಳಿ ತಿಂದೆವು. ನಾನ್ ಕಡೆಯ ಹೆಸರಾಂತ ಅಡುಗೆ ಅದು. ಮೊದಲ ತುತ್ತಿಗೇ ನಾಲಿಗೆ ಜುಮ್ಮೆಂದಿತು. ಅರೆ, ಇದು ನಮ್ಮ ಜುಮ್ಮನಕಾಯಿ! ಕರಾವಳಿಯಲ್ಲಿ ಮೀನು ಸಾರಿಗೆ ಹಾಕುವ, ಕೊಂಕಣಿಗರು ತೆಪ್ಪಳ ಎನ್ನುವ ಅದೇ ಕಾಯಿ.

ಊರಿಗೆ ಬಂದ ಮೇಲೆ ಬೊ ಕ್ಲುವಾದ ಉಪ್ಪು ಹಾಕಿ ನನ್ನ ತಾಯಿ ಸಾರು ಮಾಡಿದರು. ರುಚಿ ನೋಡಿ, "ಉಪ್ಪು ಉಪ್ಪೇ ಅಲ್ಲವನೇ, ಇದರಲ್ಲೇನು ವಿಶೇಷ?" ಎಂದರು. ಮಗಳು ಬಿಡಲಿಲ್ಲ. ತಟ್ಟೆ ಪಕ್ಕಕ್ಕಿಟ್ಟು ಅಜ್ಜಿಗೆ ಬಾವಿ, ಬಾಣಲೆ, ಬುಟ್ಟಿ ಎಲ್ಲ ವಿವರಿಸಿದಳು. ಸೌದೆಯ ವಿಷಯ ಬಂದಾಗ ಅಜ್ಜಿಯೂ ಊಟ ನಿಲ್ಲಿಸಿ ಕೇಳುತ್ತಿದ್ದರು.

ಹೋಗುವವರಿಗೆ: ಬ್ಯಾಂಕಾಕಿನ ದೋನ್ ಮುಯಾಂಗ್ ನಿಲ್ದಾಣದಿಂದ ನಾನ್‌ಗೆ ವಿಮಾನವಿದೆ, ರಾತ್ರಿ ಬಸ್ಸೂ ಇದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಹವೆ ತಂಪು, ಬೆಟ್ಟದಲ್ಲಿ ಸ್ವೆಟರ್ ಬೇಕು. ಸಸ್ಯಾಹಾರಿಗಳು 'ಜೇ' ಎಂಬ ಪದ ನೆನಪಿಟ್ಟುಕೊಳ್ಳಿ. ಮಾಂಸ, ಮೊಟ್ಟೆ ಇಲ್ಲದ ಊಟ ಕೇಳಲು ಅಲ್ಲಿ ಅದೇ ಮಾತು. ಮಕ್ಕಳಿಗೆ ತಿರುವಿನ ರಸ್ತೆಯಲ್ಲಿ ವಾಂತಿಯಾಗುವ ಅಭ್ಯಾಸವಿದ್ದರೆ ಮಾತ್ರೆ ಮರೆಯಬೇಡಿ.